ಪ್ರವಾಸಿ ಲೆವಿ: ಕೊಡುವವರು ಅತಿಥಿ, ಹೊಣೆ ಮಾಲೀಕರದು

ಬ್ರಿಟನ್ನಿನಲ್ಲಿ ಹಾಲಿಡೇ ಲೆಟ್ (ರಜೆಗೆ ಬಂದವರಿಗೆ ಬಾಡಿಗೆಗೆ ಕೊಡುವ ಮನೆ), ಗೆಸ್ಟ್‌ಹೌಸ್ ನಡೆಸುವ ಕನ್ನಡಿಗ ಓದುಗರಿಂದ ಈ ಸಲ ಒಂದೇ ವಿಷಯದ ಮೇಲೆ ಹಲವು ಪತ್ರಗಳು ಬಂದಿವೆ. ಸ್ಕಾಟ್ಲೆಂಡಿನ 2024ರ ಪ್ರವಾಸಿ ಲೆವಿ ಕಾಯ್ದೆ, ರಾತ್ರಿ ತಂಗುವವರ ಬಾಡಿಗೆಯ ಮೇಲೆ ಶೇಕಡಾವಾರು ಲೆವಿ ಹಾಕುವ ಅಧಿಕಾರವನ್ನು ಅಲ್ಲಿನ ಕೌನ್ಸಿಲ್‌ಗಳಿಗೆ, ಅಂದರೆ ಸ್ಥಳೀಯ ಆಡಳಿತಗಳಿಗೆ, ಕೊಟ್ಟಿದೆ. ವೇಲ್ಸ್ 2025ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಇಂಗ್ಲೆಂಡಿನ ಮೇಯರ್‌ಗಳಿಗೂ ಇಂಥ ಅಧಿಕಾರ ಕೊಡುವುದಾಗಿ 2025ರ ನವೆಂಬರ್ ಬಜೆಟ್ಟಿನಲ್ಲಿ ಪ್ರಕಟಿಸಲಾಯಿತು. ಪತ್ರಗಳಲ್ಲಿ ಆಯ್ದವಕ್ಕೆ ನಮ್ಮ ತೆರಿಗೆ ಮತ್ತು ಆತಿಥ್ಯ ವಿಭಾಗದ ಉತ್ತರಗಳು ಇಲ್ಲಿವೆ.

ಪ್ರಶ್ನೆ: ಎಡಿನ್‌ಬರಾದ ಲೀತ್‌ನಲ್ಲಿ ನಮ್ಮದೊಂದು ಎರಡು ಕೋಣೆಯ ಫ್ಲ್ಯಾಟ್ ಇದೆ. ಲೈಸೆನ್ಸ್ ಇದೆ, ರಾತ್ರಿಗೆ 120 ಪೌಂಡ್‌ಗೆ ಕೊಡುತ್ತೇವೆ. ವ್ಯಾಟ್ ನೋಂದಣಿ ಇಲ್ಲ. ಲೆವಿ ಅತಿಥಿಗೆ ಹಾಕುವ ತೆರಿಗೆ ಎನ್ನುತ್ತಾರೆ. ಬುಕಿಂಗ್ ಆ್ಯಪ್‌ನವರೇ ಅದನ್ನು ವಸೂಲಿ ಮಾಡಿ ಕಟ್ಟಿಬಿಟ್ಟರೆ ನಮಗೇನು ಕೆಲಸ?

ಉತ್ತರ: ಕೆಲಸವೆಲ್ಲ ನಿಮ್ಮದೇ. ಹಣ ಅತಿಥಿಯ ಜೇಬಿನಿಂದ ಬಂದರೂ ಕಾಯ್ದೆಯ ಪ್ರಕಾರ ಕೌನ್ಸಿಲ್‌ಗೆ ಲೆವಿ ಕಟ್ಟಬೇಕಾದವರು ವಸತಿ ಒದಗಿಸುವವರು, ಅಂದರೆ ನೀವು. ಆ್ಯಪ್ ಅದನ್ನು ಬೇರೆ ಸಾಲಾಗಿ ವಸೂಲಿ ಮಾಡಿ ನಿಮ್ಮ ಖಾತೆಗೆ ಹಾಕಬಹುದು. ಆದರೆ ಅದು ವಸೂಲಿ ಮಾಡಲು ಮರೆತರೂ, ಅತಿಥಿ ಕೊಡಲು ಒಪ್ಪದಿದ್ದರೂ ಕೌನ್ಸಿಲ್ ಕೇಳುವುದು ನಿಮ್ಮನ್ನೇ. ಲೈಸೆನ್ಸ್ ಪಡೆದ ಮನೆಗಳ ಪಟ್ಟಿ ಅದರ ಕೈಯಲ್ಲೇ ಇದೆ, ಹಾಗಾಗಿ ಯಾರು ರಿಟರ್ನ್ ಹಾಕಿಲ್ಲ ಎಂದು ಹೊಂದಿಸಿ ನೋಡುವುದು ಕಷ್ಟವಲ್ಲ.

ಎಡಿನ್‌ಬರಾ ಕೌನ್ಸಿಲ್ 2025ರ ಜನವರಿ 24ರಂದು ಒಪ್ಪಿದ ಯೋಜನೆ ಹೀಗಿದೆ. ಬಾಡಿಗೆಯ ಶೇ 5, ಅದೂ ಸತತ ಐದು ರಾತ್ರಿಗಳವರೆಗೆ ಮಾತ್ರ. 2026ರ ಜುಲೈ 24 ಮತ್ತು ಅದರ ನಂತರದ ವಾಸ್ತವ್ಯಕ್ಕೆ ಅನ್ವಯ. ಬುಕಿಂಗ್ 2025ರ ಅಕ್ಟೋಬರ್ 1ಕ್ಕಿಂತ ಮೊದಲೇ ಆಗಿದ್ದರೆ ಲೆವಿ ಇಲ್ಲ. ಅಂಥ ಹಳೆಯ ಬುಕಿಂಗ್‌ಗಳ ದೃಢೀಕರಣ ಇಮೇಲ್‌ಗಳನ್ನು ದಿನಾಂಕ ಕಾಣುವಂತೆ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಆ್ಯಪ್‌ನಲ್ಲಿ ಹಳೆಯ ಸಂದೇಶಗಳು ಎಷ್ಟು ದಿನ ಉಳಿಯುತ್ತವೆ ಎಂಬ ಭರವಸೆ ಬೇಡ.

ನಿಮ್ಮ ಫ್ಲ್ಯಾಟಿಗೆ ಏಳು ರಾತ್ರಿಯ ಅತಿಥಿ ಬಂದರೆ ಐದು ರಾತ್ರಿಗೆ 600 ಪೌಂಡ್, ಅದರ ಶೇ 5 ಎಂದರೆ 30 ಪೌಂಡ್. ಉಳಿದೆರಡು ರಾತ್ರಿಗೆ ಲೆವಿ ಇಲ್ಲ. ಅತಿಥಿಯ ಒಟ್ಟು ಬಿಲ್ 840 ಅಲ್ಲ, 870.

ಹೆಚ್ಚಿನವರು ಎಡವುವುದು ಆ್ಯಪ್‌ನಲ್ಲಿ ದರ ತುಂಬುವಾಗ. ಸುಲಭವೆಂದು ರಾತ್ರಿಯ ದರವನ್ನೇ 120ರಿಂದ 126ಕ್ಕೆ ಏರಿಸಿ ಕೈತೊಳೆದುಕೊಳ್ಳುತ್ತಾರೆ. ಇದರಿಂದ ಎರಡು ನಷ್ಟ. ಮೊದಲನೆಯದು, ಲೆವಿಯ ಭಾಗ ಬೇರೆಯಾಗಿ ಕಾಣದಿದ್ದರೆ ಪೂರ್ತಿ 126 ಬಾಡಿಗೆ ಎಂದಾಗಿ ಅದರ ಮೇಲೆ 6.30 ಪೌಂಡ್ ಲೆಕ್ಕ ಬರುತ್ತದೆ. ಎರಡನೆಯದು ದೊಡ್ಡದು: ಆ್ಯಪ್‌ನ ಕಮಿಷನ್ ದರದ ಮೇಲೆ. ವರ್ಷಕ್ಕೆ 200 ರಾತ್ರಿ ಬಾಡಿಗೆಗೆ ಹೋಗಿ, ಎಲ್ಲವೂ ಐದು ರಾತ್ರಿಯ ಒಳಗಿನ ವಾಸ್ತವ್ಯ ಎಂದುಕೊಳ್ಳಿ. ಲೆವಿ 1,200 ಪೌಂಡ್ ಆಯಿತು. ಕಮಿಷನ್ ಶೇ 15 ಇದ್ದರೆ, ನಿಮ್ಮದಲ್ಲದ ಹಣದ ಮೇಲೆ 180 ಪೌಂಡ್ ಕಮಿಷನ್ ಕೊಟ್ಟಂತಾಯಿತು. ವಸೂಲಿಯ ಖರ್ಚಿಗೆಂದು ಲೆವಿಯ ಶೇ 2ನ್ನು ಮಾಲೀಕರು ಉಳಿಸಿಕೊಳ್ಳಲು ಎಡಿನ್‌ಬರಾ ಬಿಟ್ಟಿದೆ. 1,200ಕ್ಕೆ ಅದು 24 ಪೌಂಡ್. ಈ 24ರಿಂದ ಆ 180 ತುಂಬುವುದಿಲ್ಲ. ಆದ್ದರಿಂದ ಆ್ಯಪ್‌ನ ತೆರಿಗೆ ವಿಭಾಗದಲ್ಲಿ ಲೆವಿಯನ್ನು ಪ್ರತ್ಯೇಕ ಸಾಲಾಗಿಯೇ ತುಂಬಿ, ಐದು ರಾತ್ರಿಯ ಮಿತಿ ಹಾಕಲು ಜಾಗವಿದ್ದರೆ ಹಾಕಿ. ಜಾಗವಿಲ್ಲದಿದ್ದರೆ ಐದು ರಾತ್ರಿಗಿಂತ ಉದ್ದದ ಬುಕಿಂಗ್ ಬಂದಾಗಲೆಲ್ಲ ಹೆಚ್ಚು ಹಿಡಿದ ಮೊತ್ತವನ್ನು ಅತಿಥಿಗೆ ಹಿಂದಿರುಗಿಸಿ. ಅದು ನಿಮ್ಮ ಆದಾಯವಲ್ಲ.

ರಿಟರ್ನ್ ಮೂರು ತಿಂಗಳಿಗೊಮ್ಮೆ. ಲೆವಿಯ ಹಣಕ್ಕೆ ಬೇರೆಯೇ ಬ್ಯಾಂಕ್ ಖಾತೆ ತೆರೆದು, ಪ್ರತಿ ಪಾವತಿ ಬಂದ ದಿನವೇ ಅಷ್ಟನ್ನು ಅಲ್ಲಿಗೆ ವರ್ಗಾಯಿಸುವುದು ಒಳ್ಳೆಯದು. ಆಗಸ್ಟ್ ಉತ್ಸವಗಳ ಕಾಲದಲ್ಲಿ ಬಂದ ಹಣ ಅಕ್ಟೋಬರ್ ಹೊತ್ತಿಗೆ ಬಾಯ್ಲರ್ ರಿಪೇರಿಗೆ ಹೋಗಿಬಿಡುವುದು ಸಣ್ಣ ಮಾಲೀಕರಲ್ಲಿ ಸಾಮಾನ್ಯ. ಲೆಕ್ಕದ ಪುಸ್ತಕದಲ್ಲಿ ಪ್ರತಿ ವಾಸ್ತವ್ಯಕ್ಕೂ ಬುಕಿಂಗ್ ದಿನಾಂಕ, ಬಂದ ದಿನ, ಹೋದ ದಿನ, ಬಾಡಿಗೆ, ಇತರ ಶುಲ್ಕ, ಲೆವಿ ಬಿದ್ದ ರಾತ್ರಿಗಳು, ಲೆವಿ ಮೊತ್ತ ಇಷ್ಟೂ ಬೇರೆ ಬೇರೆ ಅಂಕಣದಲ್ಲಿರಲಿ.

ಪ್ರಶ್ನೆ: ನಮ್ಮದೇ ವೆಬ್‌ಸೈಟಿನಲ್ಲಿ "ಲೆವಿ ಪ್ರತ್ಯೇಕ, ಬಂದಾಗ ನಗದಾಗಿ ಕೊಡತಕ್ಕದ್ದು" ಎಂದು ಬರೆದರೆ ಸಾಕೇ?

ಉತ್ತರ: ಸಾಲದು. 2025ರ ಏಪ್ರಿಲ್ 6ರಿಂದ ಬ್ರಿಟನ್ನಿನ ಗ್ರಾಹಕ ಕಾನೂನು, ತಪ್ಪಿಸಲಾಗದ ಶುಲ್ಕ ಮತ್ತು ತೆರಿಗೆಗಳೆಲ್ಲ ಸೇರಿದ ಒಟ್ಟು ಬೆಲೆಯನ್ನು ಮೊದಲೇ ತೋರಿಸಬೇಕು ಎನ್ನುತ್ತದೆ. ಅತಿಥಿ ದಿನಾಂಕ ಆರಿಸಿದ ಕೂಡಲೇ ಲೆವಿ ಸೇರಿದ ಮೊತ್ತ ಕಾಣಬೇಕು. ಅದರ ಕೆಳಗೆ ವಿವರ ಬಿಡಿಸಿ ತೋರಿಸಿ. ಬಾಗಿಲಲ್ಲಿ ನಗದು ಕೇಳುವುದರಿಂದ ಜಗಳವೂ ಹೆಚ್ಚು, ಕೆಟ್ಟ ರಿವ್ಯೂಗಳೂ ಹೆಚ್ಚು.

ಪ್ರಶ್ನೆ: ನಾನು ಎಡಿನ್‌ಬರಾದಲ್ಲಿ ಐಟಿ ಕನ್ಸಲ್ಟೆಂಟ್, ಸ್ವಂತ ಹೆಸರಿನಲ್ಲೇ ಕೆಲಸ, ಕಂಪನಿ ಇಲ್ಲ. ವರ್ಷಕ್ಕೆ ಸುಮಾರು 19,500 ಪೌಂಡ್. ನನ್ನ ಹೆಸರಿನ ಹಾಲಿಡೇ ಫ್ಲ್ಯಾಟಿನಿಂದ 68,000. ಎರಡೂ ಸೇರಿದರೂ ವ್ಯಾಟ್ ಮಿತಿ ದಾಟುವುದಿಲ್ಲ. ಲೆವಿ ಬಂದರೆ ಏನಾದರೂ ವ್ಯತ್ಯಾಸ ಆಗುತ್ತದೆಯೇ?

ಉತ್ತರ: ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ನಮಗೆ ಹೆಚ್ಚು ಚಿಂತೆ ತಂದದ್ದು ಇದೇ. ವ್ಯತ್ಯಾಸ ಆಗುತ್ತದೆ, ಅದೂ ದೊಡ್ಡ ಮೊತ್ತದಲ್ಲಿ.

ಲೆವಿಯ ಕಾನೂನುಬದ್ಧ ಹೊಣೆ ಮಾಲೀಕರದಾದ್ದರಿಂದ, ಅತಿಥಿ ಕೊಡುವ ಲೆವಿಯೂ ನೀವು ಕೊಟ್ಟ ವಸತಿಯ ಬೆಲೆಯ ಭಾಗ ಎಂಬುದು ಬ್ರಿಟನ್ನಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಯ ನಿಲುವು. ಅಂದರೆ ಲೆವಿಗೂ ವ್ಯಾಟ್ ಬೀಳುತ್ತದೆ, ಲೆವಿಯೂ ನಿಮ್ಮ ವಹಿವಾಟಿನಲ್ಲಿ ಎಣಿಕೆಯಾಗುತ್ತದೆ. ವ್ಯಾಟ್ ನೋಂದಣಿಯ ಮಿತಿ 2024ರ ಏಪ್ರಿಲ್‌ನಿಂದ 90,000 ಪೌಂಡ್. ನಿಮ್ಮ ಈಗಿನ ಒಟ್ಟು 87,500. 68,000ದ ಮೇಲೆ ಲೆವಿ ಗರಿಷ್ಠ 3,400. ಕೂಡಿದರೆ 90,900. ಬಹುಪಾಲು ನಿಮ್ಮ ಕೈಯಲ್ಲಿ ಉಳಿಯದ ಹಣ ನಿಮ್ಮನ್ನು ಮಿತಿಯ ಆಚೆ ತಳ್ಳುತ್ತದೆ.

ವ್ಯಾಟ್ ನೋಂದಣಿಯಾಗುವುದು ವ್ಯಕ್ತಿ, ವ್ಯವಹಾರವಲ್ಲ ಎಂಬುದನ್ನು ಇಲ್ಲಿ ನೆನಪಿಡಿ. ನಿಮ್ಮ ಹೆಸರಿನ ಕನ್ಸಲ್ಟಿಂಗ್, ನಿಮ್ಮ ಹೆಸರಿನ ಫ್ಲ್ಯಾಟ್ ಎರಡೂ ಒಂದೇ ಬುಟ್ಟಿಗೆ. ಹಾಗೆಂದು ಎಲ್ಲವೂ ಎಣಿಕೆಗೆ ಬರುವುದಿಲ್ಲ. ದೀರ್ಘಾವಧಿಗೆ ಬಾಡಿಗೆಗೆ ಕೊಟ್ಟ ಮನೆ ಇದ್ದರೆ ಅದರ ಬಾಡಿಗೆ ವ್ಯಾಟ್ ವಿನಾಯಿತಿಯದು, ಅದನ್ನು ಸೇರಿಸಬೇಡಿ. ಬ್ರಿಟನ್ನಿನ ಹೊರಗಿನ ಕಂಪನಿಗಳಿಗೆ ಮಾಡಿಕೊಟ್ಟ ಕನ್ಸಲ್ಟಿಂಗ್ ಸಾಮಾನ್ಯವಾಗಿ ವ್ಯಾಟ್ ವ್ಯಾಪ್ತಿಯ ಹೊರಗೆ, ಅದನ್ನೂ ಸೇರಿಸಬೇಕಿಲ್ಲ. ನಿಮ್ಮ 19,500ರಲ್ಲಿ ಬೆಂಗಳೂರಿನ ಕಂಪನಿಗೆ ಮಾಡಿದ ಕೆಲಸವಿದ್ದರೆ ಲೆಕ್ಕವೇ ಬದಲಾಗಬಹುದು. ಮೊದಲು ಇದನ್ನು ಬಿಡಿಸಿ ನೋಡಿ.

ನೋಂದಣಿಯಾದರೆ ಕನ್ಸಲ್ಟಿಂಗ್ ಕಡೆಯಿಂದ ತೊಂದರೆ ಕಡಿಮೆ. ವ್ಯಾಟ್ ನೋಂದಾಯಿತ ಗ್ರಾಹಕರು ನೀವು ಹಾಕಿದ ವ್ಯಾಟನ್ನು ಮರಳಿ ಪಡೆಯುತ್ತಾರೆ. ರಜೆಗೆ ಬಂದ ಕುಟುಂಬಕ್ಕೆ ಆ ಅವಕಾಶ ಇಲ್ಲ. ಫ್ಲ್ಯಾಟಿನ ದರವನ್ನು ನೀವು ಏರಿಸಲಾಗದಿದ್ದರೆ, ಲೆವಿ ಸೇರಿದ 71,400ರಲ್ಲಿ ಆರನೇ ಒಂದು ಭಾಗ, ಅಂದರೆ 11,900 ಪೌಂಡ್, ಶೇ 20ರ ವ್ಯಾಟ್‌ಗೆ ಹೋಗುತ್ತದೆ. 3,400 ಪೌಂಡ್ ಲೆವಿ ಹಿಂದೆಯೇ 11,900ರ ಹೊರೆಯನ್ನು ಎಳೆದು ತರುತ್ತದೆ. ನೀವು ಖರ್ಚಿನ ಮೇಲೆ ಕೊಟ್ಟ ವ್ಯಾಟ್ ಇದರಲ್ಲಿ ಕಳೆಯುತ್ತದೆ ನಿಜ. ಆದರೆ ಮನೆ ಶುಚಿಮಾಡುವವರು ನೋಂದಣಿ ಇಲ್ಲದ ಸಣ್ಣವರಾದರೆ, ಸಾಲದ ಬಡ್ಡಿಯೇ ದೊಡ್ಡ ಖರ್ಚಾದರೆ ಕಳೆಯಲು ಹೆಚ್ಚೇನೂ ಸಿಗದು.

ಏನು ಮಾಡಬಹುದು? ಪ್ರತಿ ತಿಂಗಳ ಕೊನೆಯ ದಿನ ಹಿಂದಿನ 12 ತಿಂಗಳ ಒಟ್ಟು ನೋಡಿ. ಆರ್ಥಿಕ ವರ್ಷದ ಕೊನೆಯಲ್ಲಿ ಮಾತ್ರ ನೋಡುವುದು ತಪ್ಪು. ಎಣಿಕೆ ಪ್ರತಿ ತಿಂಗಳೂ ಉರುಳುತ್ತಿರುತ್ತದೆ. ಆಗಸ್ಟ್ ಕೊನೆಗೆ ಮಿತಿ ದಾಟಿದರೆ ಸೆಪ್ಟೆಂಬರ್ 30ರೊಳಗೆ ಎಚ್‌ಎಂಆರ್‌ಸಿಗೆ ತಿಳಿಸಬೇಕು, ಅಕ್ಟೋಬರ್ 1ರಿಂದ ವ್ಯಾಟ್ ಹಾಕಬೇಕು. ದಾಟಿದ್ದು ತಾತ್ಕಾಲಿಕ, ಮುಂದಿನ 12 ತಿಂಗಳು 88,000ಕ್ಕಿಂತ ಮೇಲೆ ಹೋಗುವುದಿಲ್ಲ ಎಂದು ತೋರಿಸಬಲ್ಲಿರಾದರೆ ನೋಂದಣಿಯಿಂದ ವಿನಾಯಿತಿ ಕೇಳಲು ದಾರಿ ಇದೆ. ನಿಮ್ಮಂಥವರಿಗೆ ಹೆಚ್ಚು ನೇರವಾದ ಉಪಾಯ ಕ್ಯಾಲೆಂಡರಿನಲ್ಲೇ ಇದೆ. ಚಳಿಗಾಲದಲ್ಲಿ ಎರಡು ರಾತ್ರಿಗೆಂದು ಕಡಿಮೆ ದರಕ್ಕೆ ಕೊಡುವ ದಿನಗಳಲ್ಲಿ ಶುಚಿ, ಒಗೆತ, ಹೀಟಿಂಗ್, ಕಮಿಷನ್ ಕಳೆದರೆ ಉಳಿಯುವುದು ಎಷ್ಟು ಎಂದು ನೋಡಿ. ಏನೂ ಉಳಿಯದ ಆ ರಾತ್ರಿಗಳನ್ನು ಮುಚ್ಚಿದರೆ ವಹಿವಾಟು ಮಿತಿಯ ಒಳಗೆ ಉಳಿಯಬಹುದು. ವಾರದ ಬುಕಿಂಗ್‌ಗಳಿಗೆ ಆದ್ಯತೆ ಕೊಟ್ಟರೆ ಐದು ರಾತ್ರಿಯ ಮಿತಿಯಿಂದ ಲೆವಿಯೂ ಕಡಿಮೆಯಾಗುತ್ತದೆ.

ನೋಂದಣಿ ತಪ್ಪದಿದ್ದರೆ ವ್ಯಾಟಿನ ಫ್ಲ್ಯಾಟ್ ರೇಟ್ (ಒಂದೇ ನಿಗದಿತ ದರದ) ಯೋಜನೆಯನ್ನು ವಿಚಾರಿಸಿ. ವಸತಿ ವ್ಯವಹಾರಕ್ಕೆ ಅದರ ದರ ಶೇ 10.5, ವ್ಯಾಟ್ ಸೇರಿದ ಒಟ್ಟು ವಹಿವಾಟಿನ ಮೇಲೆ. 71,400ಕ್ಕೆ ಸುಮಾರು 7,500 ಪೌಂಡ್. ಅಲ್ಲೂ ಲೆವಿ ವಹಿವಾಟಿನೊಳಗೇ ಸೇರುತ್ತದೆ. ಎರಡು ವ್ಯವಹಾರ ಇದ್ದಾಗ ವಹಿವಾಟು ಹೆಚ್ಚಿರುವುದರ ದರವೇ ಎರಡಕ್ಕೂ ಅನ್ವಯ ಎಂಬುದು ನಿಮಗೆ ಮುಖ್ಯ.

ಫ್ಲ್ಯಾಟಿನ ವ್ಯವಹಾರವನ್ನು ಹೆಂಡತಿಯ ಹೆಸರಿನಲ್ಲಿ ಕಾಗದದ ಮೇಲೆ ತೋರಿಸಿಬಿಡಿ ಎಂದು ಸ್ನೇಹಿತರು ಹೇಳಿಯಾರು. ಮಿತಿ ತಪ್ಪಿಸಲೆಂದೇ ಒಂದು ವ್ಯವಹಾರವನ್ನು ಕೃತಕವಾಗಿ ಒಡೆದರೆ ಎರಡನ್ನೂ ಒಂದೆಂದು ಪರಿಗಣಿಸುವ ಅಧಿಕಾರ ಎಚ್‌ಎಂಆರ್‌ಸಿಗಿದೆ. ಫ್ಲ್ಯಾಟನ್ನು ನಿಜವಾಗಿಯೇ ಸ್ವಂತ ಕಂಪನಿಗೆ ವರ್ಗಾಯಿಸಿದರೆ ಸ್ಕಾಟ್ಲೆಂಡಿನ ಎರಡನೇ ಮನೆಯ ಹೆಚ್ಚುವರಿ ತೆರಿಗೆ ಬೀಳುತ್ತದೆ, 2024ರ ಡಿಸೆಂಬರ್‌ನಿಂದ ಅದು ಶೇ 8. 3 ಲಕ್ಷ ಪೌಂಡ್ ಫ್ಲ್ಯಾಟಿಗೆ ಅದೊಂದೇ 24,000 ಪೌಂಡ್. ಅದರ ಬದಲು ಕನ್ಸಲ್ಟಿಂಗನ್ನು ಕಂಪನಿಗೆ ಒಯ್ಯುವುದು ಎಷ್ಟೋ ಅಗ್ಗ. ಈ ಆಯ್ಕೆಯನ್ನು ನಿಮ್ಮ ಅಕೌಂಟೆಂಟ್ ಜೊತೆ ಕೂತು, ಮಿತಿ ದಾಟುವ ಮೊದಲೇ ಲೆಕ್ಕ ಹಾಕಿ.

ಪ್ರಶ್ನೆ: ನಮ್ಮದು ಆರು ಕೋಣೆಯ ಗೆಸ್ಟ್‌ಹೌಸ್, ವ್ಯಾಟ್ ನೋಂದಣಿ ಇದೆ. ಇಬ್ಬರಿಗೆ ಬೆಳಗಿನ ತಿಂಡಿ ಸೇರಿ ಕೋಣೆಗೆ ರಾತ್ರಿಗೆ 144 ಪೌಂಡ್. ಬಿಲ್ ಹೇಗೆ ಬರೆಯಬೇಕು?

ಉತ್ತರ: ಲೆವಿ ಬೀಳುವುದು ತಂಗುವುದಕ್ಕೆ ಕೊಟ್ಟ ಹಣದ ಮೇಲೆ ಮಾತ್ರ. ತಿಂಡಿ, ಊಟ, ಪಾರ್ಕಿಂಗ್, ಬಟ್ಟೆ ಒಗೆತ ಇವು ಹೊರಗೆ. ಆದ್ದರಿಂದ ನಿಮ್ಮ 144ನ್ನು ಬಿಡಿಸಬೇಕು. ವ್ಯಾಟ್ ತೆಗೆದರೆ 120. ತಿಂಡಿ ತಲೆಗೆ 10 ಪೌಂಡ್‌ನಂತೆ 20 ಎಂದಾದರೆ ಕೋಣೆ 100. ಲೆವಿ 5. ಈಗ 100, 20, 5 ಕೂಡಿ 125. ಅದಕ್ಕೆ ಶೇ 20 ವ್ಯಾಟ್ 25. ಅತಿಥಿಯ ಬಿಲ್ 150. ಅತಿಥಿ ಹೆಚ್ಚು ಕೊಟ್ಟದ್ದು 6, ಕೌನ್ಸಿಲ್‌ಗೆ ಹೋದದ್ದು 5, ಉಳಿದ 1 ಪೌಂಡ್ ಲೆವಿಯ ಮೇಲಿನ ವ್ಯಾಟ್. ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳಲ್ಲಿ ಲೆವಿಯನ್ನು ವ್ಯಾಟ್ ಆದಮೇಲೆ ಸೇರಿಸುವಂತೆ ಹೊಂದಿಸಿಬಿಡುವುದು ಸುಲಭ. ಆಗ 149 ಬರುತ್ತದೆ, ಪ್ರತಿ ರಾತ್ರಿಯ ವ್ಯಾಟಿನಲ್ಲಿ ನಿಮ್ಮದು ಕೊರತೆ ಬೀಳುತ್ತದೆ. ಮೊದಲ ಬಿಲ್‌ಗಳನ್ನು ಕೈಯಿಂದ ಲೆಕ್ಕ ಹಾಕಿ ಹೋಲಿಸಿ.

ತಿಂಡಿಯನ್ನು ಬೇರ್ಪಡಿಸದೆ ಪೂರ್ತಿ 120ರ ಮೇಲೆ ಲೆವಿ ಕಟ್ಟಿದರೆ ರಾತ್ರಿಗೆ 6 ಆಗುತ್ತದೆ. ಆರು ಕೋಣೆ, ವರ್ಷಕ್ಕೆ 200 ರಾತ್ರಿ ತುಂಬಿದರೆ 1,200 ಪೌಂಡ್ ಸುಮ್ಮನೆ ಹೋದಂತೆ. ಹಾಗೆಂದು ತಿಂಡಿಗೆ 30 ಪೌಂಡ್ ಎಂದು ಬರೆಯಲೂ ಬಾರದು. ಹೊರಗಿನಿಂದ ತಿಂಡಿಗೆಂದೇ ಬಂದವರಿಗೆ ಎಷ್ಟು ಹಾಕುತ್ತೀರಿ, ತಿಂಡಿ ಬೇಡವೆಂದವರಿಗೆ ಎಷ್ಟು ಬಿಡುತ್ತೀರಿ, ಅದೇ ನ್ಯಾಯವಾದ ಬೆಲೆ. ಮೆನುವಿನಲ್ಲಿ ಅದನ್ನು ಮುದ್ರಿಸಿಡಿ.

ದರ ಏರಿಸದೆ 144ಕ್ಕೇ ಕೊಡುತ್ತೇನೆ ಎಂದರೆ ಕೋಣೆಯ ಪಾಲು 95.24ಕ್ಕೆ ಇಳಿದು 4.76 ಲೆವಿಗೆ ಹೋಗುತ್ತದೆ. ಬಾಡಿಗೆಯಲ್ಲಿ ಅದು ಶೇ 5ಕ್ಕೂ ಕಡಿಮೆ ಎನಿಸಬಹುದು. ಆದರೆ ಕೋಣೆಯೊಂದರಿಂದ ಎಲ್ಲ ಖರ್ಚು ಕಳೆದು ಉಳಿಯುವುದು 30 ಪೌಂಡ್ ಆಗಿದ್ದರೆ, ಲಾಭದಲ್ಲಿ ಆರನೇ ಒಂದು ಭಾಗ ಹೋಯಿತು. ನಮ್ಮ ಅಭಿಪ್ರಾಯದಲ್ಲಿ ಇದನ್ನು ನೀವು ನುಂಗಿಕೊಳ್ಳಬೇಡಿ. ಪಕ್ಕದ ಹೋಟೆಲೂ ಇದೇ ಲೆವಿ ಹಾಕುತ್ತದೆ.

ಪ್ರಶ್ನೆ: ಊರಿನಿಂದ ಅಪ್ಪ-ಅಮ್ಮ ಮೂರು ತಿಂಗಳಿಗೆ ಬರುತ್ತಾರೆ. ಅವರ ಹೆಸರಿಗೂ ಲೆವಿ ಕಟ್ಟಬೇಕೇ?

ಉತ್ತರ: ಬೇಡ. ದುಡ್ಡು ತೆಗೆದುಕೊಂಡು ವ್ಯವಹಾರವಾಗಿ ಕೊಟ್ಟ ವಸತಿಗೆ ಮಾತ್ರ ಲೆವಿ. ನಿಮ್ಮದೇ ಮನೆಯ ಒಂದು ಕೋಣೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟರೆ ಅದು ಲೆವಿಯ ವ್ಯಾಪ್ತಿಗೆ ಬರುತ್ತದೆ.

ಪ್ರಶ್ನೆ: ನಾನು ಬೆಂಗಳೂರಿಗೆ ಮರಳಿದ್ದೇನೆ. ಎಡಿನ್‌ಬರಾದ ಫ್ಲ್ಯಾಟನ್ನು ಅಲ್ಲಿನ ಏಜೆಂಟರು ನಡೆಸುತ್ತಾರೆ, ವರ್ಷಕ್ಕೆ 30,000 ಪೌಂಡ್ ವಹಿವಾಟು. ಲೆವಿ ಏಜೆಂಟರ ಹೊಣೆಯೋ ನನ್ನದೋ?

ಉತ್ತರ: ರಿಟರ್ನ್ ತುಂಬುವ ಕೆಲಸವನ್ನು ಏಜೆಂಟರಿಗೆ ಒಪ್ಪಿಸಬಹುದು. ಆದರೆ ವಸತಿ ಒದಗಿಸುವವರು ಯಾರು ಎಂಬುದು ನಿಮ್ಮಿಬ್ಬರ ಒಪ್ಪಂದದ ಮೇಲೆ ನಿಂತಿದೆ. ನಿಮ್ಮ ಪರವಾಗಿ ಅವರು ಅತಿಥಿಗಳನ್ನು ತರುತ್ತಿದ್ದರೆ ಹೊಣೆ ನಿಮ್ಮದು. ಫ್ಲ್ಯಾಟನ್ನು ಅವರೇ ನಿಗದಿತ ಬಾಡಿಗೆಗೆ ತೆಗೆದುಕೊಂಡು ತಮ್ಮ ವ್ಯವಹಾರವಾಗಿ ನಡೆಸುತ್ತಿದ್ದರೆ ಚಿತ್ರ ಬೇರೆ. ಒಪ್ಪಂದಕ್ಕೆ ಒಂದು ಪುಟ ಸೇರಿಸಿ: ರಿಟರ್ನ್ ಯಾರು, ಯಾವ ದಿನದೊಳಗೆ ತುಂಬಬೇಕು; ಲೆವಿಯ ಹಣ ಯಾವ ಖಾತೆಯಲ್ಲಿರಬೇಕು; ತಡವಾದರೆ ದಂಡ ಯಾರದು; ಉಳಿಸಿಕೊಳ್ಳುವ ಶೇ 2 ಯಾರಿಗೆ; ಏಜೆಂಟರ ಕಮಿಷನ್ ಲೆವಿ ಬಿಟ್ಟ ಮೊತ್ತದ ಮೇಲೆ ಮಾತ್ರ.

ನಿಮಗೆ ಇದಕ್ಕಿಂತ ಗಂಭೀರವಾದ ಎಚ್ಚರಿಕೆ ಒಂದಿದೆ. 90,000 ಪೌಂಡ್ ವ್ಯಾಟ್ ಮಿತಿ ಬ್ರಿಟನ್ನಿನಲ್ಲಿ ನೆಲೆ ಇರುವವರಿಗೆ ಮಾತ್ರ. ಅಲ್ಲಿ ವಾಸವೂ ಇಲ್ಲ, ವ್ಯವಹಾರದ ನೆಲೆಯೂ ಇಲ್ಲ ಎಂದಾದರೆ ಮಿತಿ ಸೊನ್ನೆ. ಮೊದಲ ಅತಿಥಿಯಿಂದಲೇ ನೋಂದಣಿ ಬೇಕಾಗಬಹುದು. ಏಜೆಂಟರು ಇದ್ದಾರೆ ಎಂಬುದು ನೆಲೆ ಎನಿಸಿಕೊಳ್ಳುತ್ತದೆಯೇ ಎಂಬುದು ವಾಸ್ತವಾಂಶಗಳ ಮೇಲೆ ತೀರ್ಮಾನವಾಗುವ ವಿಷಯ. ಲೆವಿಯ ರಿಟರ್ನ್ ಮೂಲಕ ನಿಮ್ಮ ವಹಿವಾಟು ಸರ್ಕಾರಿ ದಾಖಲೆಗೆ ಹೋಗುವ ಮೊದಲೇ ಬ್ರಿಟನ್ನಿನ ವ್ಯಾಟ್ ಸಲಹೆಗಾರರಿಂದ ಲಿಖಿತ ಅಭಿಪ್ರಾಯ ಪಡೆಯಿರಿ.

ಆದಾಯ ತೆರಿಗೆಯ ವಿಷಯಕ್ಕೆ ಬಂದರೆ, ಅನಿವಾಸಿ ಮಾಲೀಕರ ಬಾಡಿಗೆಯಿಂದ ಏಜೆಂಟರು ಮೂಲದಲ್ಲೇ ಶೇ 20 ಹಿಡಿಯುವುದು ನಿಯಮ. ಎನ್‌ಆರ್‌ಎಲ್1 ಅರ್ಜಿಗೆ ಎಚ್‌ಎಂಆರ್‌ಸಿ ಒಪ್ಪಿಗೆ ಕೊಟ್ಟಿದ್ದರೆ ಪೂರ್ತಿ ಕೊಡಬಹುದು. ಲೆವಿಯ ಹಣವನ್ನು ಬಾಡಿಗೆ ಎಂದು ಲೆಕ್ಕಕ್ಕೆ ತೆಗೆದುಕೊಂಡು ಅದರ ಮೇಲೂ ತೆರಿಗೆ ಹಿಡಿಯದಂತೆ ಮಾಸಿಕ ಪಟ್ಟಿಯಲ್ಲಿ ಬೇರೆ ತೋರಿಸಲು ಹೇಳಿ. ಭಾರತದ ರಿಟರ್ನ್‌ನಲ್ಲಿ ಈ ಫ್ಲ್ಯಾಟನ್ನು ವಿದೇಶಿ ಆಸ್ತಿಯ ಷೆಡ್ಯೂಲಿನಲ್ಲಿ ತೋರಿಸುವುದನ್ನೂ ಮರೆಯಬೇಡಿ.

ಪ್ರಶ್ನೆ: ವೇಲ್ಸ್‌ನ ಎರಿರಿ ಬೆಟ್ಟಗಳ ಹತ್ತಿರ ಆರು ಜನರ ಕಾಟೇಜ್ ಕೊಳ್ಳುವ ಯೋಚನೆ ಇದೆ. ಅಲ್ಲಿನ ಲೆವಿ ಬರೀ 1.30 ಪೌಂಡ್ ಅಂತೆ. ಸ್ಕಾಟ್ಲೆಂಡಿಗಿಂತ ಹಗುರವಲ್ಲವೇ?

ಉತ್ತರ: ಕಾಟೇಜ್ ಎಷ್ಟು ದುಬಾರಿ, ಅದರಲ್ಲಿ ಎಷ್ಟು ಜನ ಎಂಬುದರ ಮೇಲೆ ಹೋಗುತ್ತದೆ. ವೇಲ್ಸ್‌ನ ಲೆವಿ ಬಾಡಿಗೆಯ ಶೇಕಡಾ ಅಲ್ಲ, ತಲೆಗೆ ರಾತ್ರಿಗೆ 1.30 ಪೌಂಡ್. ಕ್ಯಾಂಪ್‌ಸೈಟ್, ಹಾಸ್ಟೆಲ್‌ಗಳಂಥ ಹಂಚಿಕೊಳ್ಳುವ ಜಾಗಕ್ಕೆ 75 ಪೆನ್ಸ್, ಅಲ್ಲಿ 18 ವರ್ಷದೊಳಗಿನವರಿಗೆ ಇಲ್ಲ. ಕಾಟೇಜಿನಲ್ಲಿ ಮಕ್ಕಳಿಗೂ ಲೆಕ್ಕ. ರಾತ್ರಿಗೆ 70 ಪೌಂಡ್‌ನ ಸರಳ ಮನೆಯಲ್ಲಿ ಆರು ಜನರ ಕುಟುಂಬ ತಂಗಿದರೆ 7.80 ಪೌಂಡ್, ಬಾಡಿಗೆಯ ಶೇ 11. ಅದೇ ಮನೆ ಎಡಿನ್‌ಬರಾದಲ್ಲಿದ್ದರೆ 3.50. ತಿರುಗಿಸಿ ನೋಡಿ: 400 ಪೌಂಡ್‌ನ ಐಷಾರಾಮಿ ಮನೆಯಲ್ಲಿ ದಂಪತಿ ಇಬ್ಬರೇ ಇದ್ದರೆ ವೇಲ್ಸ್‌ನಲ್ಲಿ 2.60, ಎಡಿನ್‌ಬರಾದಲ್ಲಿ 20. ವೇಲ್ಸ್‌ನ ಪದ್ಧತಿ ಲೆಕ್ಕಕ್ಕೆ ಸುಲಭ, ಆದರೆ ಭಾರ ಬೀಳುವುದು ಅಗ್ಗದ ಮನೆಯಲ್ಲಿ ಒತ್ತಾಗಿ ತಂಗುವ ದೊಡ್ಡ ಕುಟುಂಬಗಳ ಮೇಲೆ. ನಮ್ಮವರ ಪ್ರವಾಸಗಳು ಹೆಚ್ಚಾಗಿ ಅಂಥವೇ.

ಲೆವಿ ಹಾಕಬೇಕೋ ಬೇಡವೋ ಎಂಬುದು ಆಯಾ ಕೌನ್ಸಿಲ್‌ನ ತೀರ್ಮಾನ, 2027ಕ್ಕಿಂತ ಮೊದಲು ಅಲ್ಲ. ವಸೂಲಿ ವೇಲ್ಸ್‌ನ ಕಂದಾಯ ಪ್ರಾಧಿಕಾರದ್ದು. ಆದರೆ ನೋಂದಣಿ ಪಟ್ಟಿ ಇಡೀ ವೇಲ್ಸ್‌ಗೆ. ಲೆವಿ ಇಲ್ಲದ ಕಡೆಯ ಮಾಲೀಕರೂ ಅದರಲ್ಲಿರಬೇಕು. ಪ್ರತಿ ಬುಕಿಂಗ್‌ನಲ್ಲಿ ಎಷ್ಟು ಜನ ನಿಜಕ್ಕೂ ತಂಗಿದರು ಎಂಬ ದಾಖಲೆ ನೀವು ಇಡಬೇಕಾಗುತ್ತದೆ. ನಾಲ್ಕು ಜನ ಎಂದು ಬುಕ್ ಮಾಡಿ ಆರು ಜನ ಬರುವುದು ಎಲ್ಲ ಮಾಲೀಕರಿಗೂ ಗೊತ್ತಿರುವ ಸಂಗತಿ. ಬಂದ ದಿನ ಹೆಸರುಗಳ ಪಟ್ಟಿ ತುಂಬಿಸಿಕೊಳ್ಳಿ.

ಕೊಳ್ಳುವ ತೀರ್ಮಾನಕ್ಕೆ ಲೆವಿಗಿಂತ ದೊಡ್ಡದು ಇನ್ನೊಂದು ನಿಯಮ. ವೇಲ್ಸ್‌ನಲ್ಲಿ ಮನೆ ವ್ಯವಹಾರ ಎನಿಸಿಕೊಳ್ಳಬೇಕಾದರೆ 12 ತಿಂಗಳಲ್ಲಿ 252 ದಿನ ಬಾಡಿಗೆಗೆ ಲಭ್ಯವಿರಬೇಕು, 182 ದಿನ ನಿಜವಾಗಿಯೂ ಹೋಗಿರಬೇಕು. ಇಲ್ಲದಿದ್ದರೆ ಕೌನ್ಸಿಲ್ ಟ್ಯಾಕ್ಸ್ (ವಾಸದ ಮನೆಗೆ ಬೀಳುವ ಸ್ಥಳೀಯ ತೆರಿಗೆ), ಅದರ ಮೇಲೆ ಎರಡನೇ ಮನೆಗೆ ಶೇ 300ರವರೆಗೆ ಹೆಚ್ಚುವರಿ ಹಾಕುವ ಅಧಿಕಾರ ಕೌನ್ಸಿಲ್‌ಗಿದೆ. ಮಾರುವವರಿಂದ ಹಿಂದಿನ ಮೂರು ವರ್ಷದ ಬುಕಿಂಗ್ ಕ್ಯಾಲೆಂಡರ್ ಕೇಳಿ. 182ರ ಹತ್ತಿರ ಹತ್ತಿರ ಇರುವ ಮನೆಯಾದರೆ ಬೆಲೆ ಇಳಿಸಿ ಕೇಳಿ, ಅಥವಾ ಬಿಡಿ.

ಪ್ರಶ್ನೆ: ಇನ್ವರ್ನೆಸ್ ಆಚೆ ಹಳ್ಳಿಯಲ್ಲಿ ನಮ್ಮ ಸಣ್ಣ ಕಾಟೇಜ್. ವರ್ಷಕ್ಕೆ 76 ರಾತ್ರಿ ಹೋಗುತ್ತದೆ. ಇಲ್ಲೂ ಲೆವಿ ಪ್ರಸ್ತಾಪ ಬಂದರೆ ಅತಿಥಿಗಳು ಕಡಿಮೆಯಾಗುತ್ತಾರೆಯೇ? ಕೌನ್ಸಿಲ್ ಅಭಿಪ್ರಾಯ ಕೇಳಿದಾಗ ಏನು ಬರೆಯಬೇಕು?

ಉತ್ತರ: ನಿಮ್ಮ ಕಡೆಯ ಹೈಲ್ಯಾಂಡ್ ಕೌನ್ಸಿಲ್ 2024–25ರ ಚಳಿಗಾಲದಲ್ಲಿ ಶೇ 5ರ ಪ್ರಸ್ತಾಪದ ಮೇಲೆ ಅಭಿಪ್ರಾಯ ಕೇಳಿದಾಗ ಇಂಥ ಆತಂಕಗಳೇ ಎದ್ದವು. ಸ್ಕಾಟ್ಲೆಂಡಿನ ಕಾಯ್ದೆಯಂತೆ ಯಾವ ಕೌನ್ಸಿಲ್ ಆದರೂ ಸಾರ್ವಜನಿಕರ, ವ್ಯಾಪಾರಿಗಳ ಅಭಿಪ್ರಾಯ ಕೇಳಲೇಬೇಕು; ತೀರ್ಮಾನವಾದ ಮೇಲೂ ಜಾರಿಗೆ 18 ತಿಂಗಳು ಕಾಯಬೇಕು. ತಯಾರಿಗೆ ಸಮಯ ಸಿಗುತ್ತದೆ.

ಎಡಿನ್‌ಬರಾದಲ್ಲಿ ಶೇ 5ರಿಂದ ಉತ್ಸವದ ಜನ ಕಡಿಮೆಯಾಗುವರೆಂದು ನಮಗೆ ಅನಿಸುವುದಿಲ್ಲ. ನಿಮ್ಮ ಕಷ್ಟ ಬೇರೆ. ಸ್ಕಾಟ್ಲೆಂಡಿನಲ್ಲಿ ಮನೆ ವ್ಯವಹಾರ ಎನಿಸಿಕೊಳ್ಳಲು 140 ರಾತ್ರಿ ಲಭ್ಯವಿದ್ದು 70 ರಾತ್ರಿ ಹೋಗಿರಬೇಕು. ನಿಮ್ಮ 76ರಲ್ಲಿ ಏಳೇ ರಾತ್ರಿ ಕಳೆದರೂ 69ಕ್ಕೆ ಇಳಿಯುತ್ತೀರಿ. ಆಗ ಸಣ್ಣ ವ್ಯವಹಾರಗಳಿಗೆ ಸಿಗುವ ರೇಟ್ಸ್ (ವ್ಯವಹಾರದ ಆಸ್ತಿ ತೆರಿಗೆ) ರಿಯಾಯಿತಿ ತಪ್ಪಿ ಎರಡನೇ ಮನೆಯ ಕೌನ್ಸಿಲ್ ಟ್ಯಾಕ್ಸ್ ಬೀಳುತ್ತದೆ, 2024ರ ಏಪ್ರಿಲ್‌ನಿಂದ ಕೌನ್ಸಿಲ್‌ಗಳು ಅದನ್ನು ದುಪ್ಪಟ್ಟು ಮಾಡಬಹುದು. ಹಾಲಿಡೇ ಲೆಟ್‌ಗಿದ್ದ ವಿಶೇಷ ಆದಾಯ ತೆರಿಗೆ ಸೌಲಭ್ಯಗಳೂ 2025ರ ಏಪ್ರಿಲ್‌ನಲ್ಲಿ ರದ್ದಾಗಿವೆ. ಹಳ್ಳಿಯ ಸಣ್ಣ ಮಾಲೀಕರು ಲೆವಿಗೆ ಹೆದರುವುದಕ್ಕೆ ಕಾರಣ ಶೇ 5 ಅಲ್ಲ, ಒಂದರ ಮೇಲೊಂದು ಬಂದು ಬಿದ್ದ ಇವೆಲ್ಲ. ಆ ಹೆದರಿಕೆ ನ್ಯಾಯವಾದದ್ದು.

ಕೌನ್ಸಿಲ್‌ಗೆ ಬರೆಯುವಾಗ "ಲೆವಿ ಬೇಡ" ಎಂಬ ಒಂದು ಸಾಲಿಗೆ ಬೆಲೆ ಸಿಗುವುದು ಕಡಿಮೆ. ಅಂಕಿ ಕೊಡಿ. ತಿಂಗಳುವಾರು ಎಷ್ಟು ರಾತ್ರಿ, ಸರಾಸರಿ ದರ, ವಾರಕ್ಕಿಂತ ಉದ್ದದ ವಾಸ್ತವ್ಯ ಎಷ್ಟು, ನವೆಂಬರ್‌ನಿಂದ ಮಾರ್ಚ್‌ವರೆಗೆ ಬರುವವರಲ್ಲಿ ಕೆಲಸಗಾರರು, ಆಸ್ಪತ್ರೆಗೆ ಬಂದವರ ಸಂಬಂಧಿಕರು ಎಷ್ಟು, ರಿಟರ್ನ್ ತುಂಬಲು ತಿಂಗಳಿಗೆ ಎಷ್ಟು ಗಂಟೆ. ಆಮೇಲೆ ನಿರ್ದಿಷ್ಟವಾಗಿ ಕೇಳಿ: ರಾತ್ರಿಗಳ ಮಿತಿ ಇರಲಿ, ಸಣ್ಣವರು ಉಳಿಸಿಕೊಳ್ಳುವ ಪಾಲು ಶೇ 2ಕ್ಕಿಂತ ಹೆಚ್ಚಿರಲಿ, ಆರಂಭದ ದಿನ ಬೇಸಗೆಯ ನಡುವೆ ಬೇಡ. ಎಡಿನ್‌ಬರಾದ ಕರಡಿನಲ್ಲಿ ಏಳು ರಾತ್ರಿ ಎಂದಿದ್ದ ಮಿತಿ ಅಭಿಪ್ರಾಯ ಸಂಗ್ರಹದ ನಂತರ ಐದಕ್ಕೆ ಇಳಿಯಿತು. ಬರೆದರೆ ಉಪಯೋಗವಿದೆ. ಲೆವಿಯ ಹಣ ಪ್ರವಾಸಿಗರು ಹೆಚ್ಚಾಗಿ ಬಳಸುವ ಸೌಲಭ್ಯಗಳಿಗೇ ಹೋಗಬೇಕು ಎಂದು ಕಾಯ್ದೆ ಹೇಳುತ್ತದೆ. ಹಾಗಾಗಿ ನಿಮ್ಮ ಹಳ್ಳಿಯ ಶೌಚಾಲಯ, ಪಾರ್ಕಿಂಗ್, ಒಂಟಿ ರಸ್ತೆಯ ಪಾಸಿಂಗ್ ಜಾಗ ಇವನ್ನು ಹೆಸರಿಸಿ ಕೇಳಿ.

ಪ್ರಶ್ನೆ: ಮ್ಯಾಂಚೆಸ್ಟರ್‌ನಲ್ಲಿ ಈಗಾಗಲೇ ರಾತ್ರಿಗೆ 1 ಪೌಂಡ್ ಹಾಕುತ್ತಾರಲ್ಲ, ಅದೂ ಇದೇಯೇ?

ಉತ್ತರ: ಅಲ್ಲ. 2023ರ ಏಪ್ರಿಲ್‌ನಿಂದ ಅಲ್ಲಿರುವುದು ದೊಡ್ಡ ಹೋಟೆಲ್ ಮತ್ತು ಸರ್ವಿಸ್ಡ್ ಅಪಾರ್ಟ್‌ಮೆಂಟ್‌ನವರು ತಾವೇ ಮತ ಹಾಕಿ ಒಪ್ಪಿಕೊಂಡ, ಕೋಣೆಗೆ ಇಷ್ಟು ಎಂಬ ಶುಲ್ಕ. ಒಂದು ಫ್ಲ್ಯಾಟ್ ಇರುವವರು ಅದರಲ್ಲಿ ಬರುವುದಿಲ್ಲ. ಮೇಯರ್‌ಗಳಿಗೆ ಕೊಡಲಿರುವ ಅಧಿಕಾರ ಬೇರೆಯದು, ಅದು ನಿಮ್ಮನ್ನೂ ಮುಟ್ಟಬಹುದು.

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮ ಹೋಮ್‌ಸ್ಟೇ. ಇಂಥ ಲೆವಿ ನಮ್ಮ ಕಡೆಗೂ ಬಂದೀತೇ?

ಉತ್ತರ: ಇದಕ್ಕೆ ಹತ್ತಿರದ್ದು ಕರ್ನಾಟಕದಲ್ಲಿ ಮೊದಲೇ ಇತ್ತು. 1979ರ ಕಾಯ್ದೆಯಡಿ ಹೋಟೆಲ್ ಕೋಣೆಗಳಿಗೆ ರಾಜ್ಯ ಹಾಕುತ್ತಿದ್ದ ಐಷಾರಾಮ ತೆರಿಗೆ 2017ರ ಜುಲೈನಲ್ಲಿ ಜಿಎಸ್‌ಟಿಯೊಳಗೆ ಸೇರಿಹೋಯಿತು. ಈಗ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಶೇ 5 ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ. ವಹಿವಾಟು 20 ಲಕ್ಷ ದಾಟದಿದ್ದರೆ ನಿಮಗೆ ನೋಂದಣಿ ಬೇಡ, ಆದರೆ ಆ್ಯಪ್ ಮೂಲಕ ಬಂದ ಬುಕಿಂಗ್‌ಗೆ ಆ್ಯಪ್‌ನವರೇ ಜಿಎಸ್‌ಟಿ ಕಟ್ಟುತ್ತಾರೆ. ಹೊಣೆಯನ್ನು ಆ್ಯಪ್ ಮೇಲೆ ಹಾಕಿರುವ ಈ ಏರ್ಪಾಡು ಸಣ್ಣ ಮಾಲೀಕರಿಗೆ ಎಡಿನ್‌ಬರಾದ್ದಕ್ಕಿಂತ ಎಷ್ಟೋ ಸರಳ.

ತೆರಿಗೆಯಾಗಿ ಅಲ್ಲದೆ ಪ್ರವಾಸಿ ಶುಲ್ಕವಾಗಿ ಹಾಕುವ ದಾರಿ ರಾಜ್ಯಗಳಿಗೆ ಉಳಿದಿದೆ. ಸಿಕ್ಕಿಂ 2025ರಿಂದ ಪ್ರವಾಸಿಗೆ 50 ರೂಪಾಯಿಯನ್ನು ಹೋಟೆಲ್‌ಗಳ ಮೂಲಕವೇ ವಸೂಲಿ ಮಾಡುತ್ತಿದೆ, ಒಮ್ಮೆ ಕೊಟ್ಟರೆ 30 ದಿನಕ್ಕೆ ಸಾಕು. ಊಟಿಯ ಇ-ಪಾಸ್ ಇಂಥ ಲೆವಿಯಲ್ಲ, ಅದು ವಾಹನಗಳ ಎಣಿಕೆಗೆ. ಕೊಡಗಿಗೆ ಅಂಥ ಪ್ರಸ್ತಾಪ ಬಂದರೆ ಹೋಮ್‌ಸ್ಟೇ ಸಂಘದ ಮೂಲಕ ಮೊದಲು ಕೇಳಬೇಕಾದದ್ದು ಎರಡು: ವಸೂಲಿಯಾಗದ ಹಣಕ್ಕೆ ಹೊಣೆ ಯಾರು, ಮತ್ತು ಆ ಶುಲ್ಕವನ್ನು ನಿಮ್ಮ 20 ಲಕ್ಷದ ಲೆಕ್ಕಕ್ಕೆ ಸೇರಿಸುತ್ತಾರೆಯೇ. ಎರಡಕ್ಕೂ ಉತ್ತರ ಆದೇಶದ ಪಠ್ಯದಲ್ಲೇ ಇರಬೇಕು, ಅಧಿಕಾರಿಯ ಬಾಯಿಮಾತಿನಲ್ಲಿ ಅಲ್ಲ.